ಅಣ್ಣನ ದನಿಯಲ್ಲಿ ನಾನು

ಯಾರ ದನಿಯನ್ನಾದರೂ ನಾನು ಎರಡು ದಿನದಲ್ಲಿ ಕದಿಯಬಲ್ಲೆ. ಸುಂಟಿಕೊಪ್ಪದ ನಮ್ಮ ಡಾಕ್ಟರು ಮಾತಿಗೆ ಮೊದಲು ಎರಡು ಸಲ ಕೆಮ್ಮುತ್ತಾರೆ. ಕ್ಲಿನಿಕ್ಕಿನ ಬಾಗಿಲಲ್ಲಿ ನಾನು ಕೆಮ್ಮಿದರೆ ಒಳಗೆ ಕಾಯುವ ರೋಗಿಗಳು ಎದ್ದು ನಿಲ್ಲುತ್ತಿದ್ದರು. ಡಿಗ್ರಿಯಲ್ಲಿ ಎರಡು ಸಲ ಫೇಲಾದವನಿಗೆ ಇಷ್ಟು ವಿದ್ಯೆಯೇ ಹೆಚ್ಚು.

ಅಣ್ಣ ಎಸ್ಟೇಟಿನ ಜೀಪು ಓಡಿಸುತ್ತಿದ್ದ. ಅವನಿಗೆ ಹೆರಾಯಿನ್ ಅಂಟಿದ್ದು ನಮಗೆ ಗೊತ್ತಾಗುವ ಹೊತ್ತಿಗೆ ವರ್ಷ ಕಳೆದಿತ್ತು. ಅಮ್ಮ ಡಾಕ್ಟರ ಮುಂದೆ ಹೋಗಿ ಕೂತಳು.

"ಇದಕ್ಕೆ ಮಾತ್ರೆ ಇದೆಯಮ್ಮ," ಎಂದರು ಅವರು, ಕೆಮ್ಮಿ. "ಆದ್ರೆ ನಾನು ಬರ್ಕೊಟ್ರೂ ಮೆಡಿಕಲ್‌ನಲ್ಲಿ ಕೊಡೋ ಹಾಗಿಲ್ಲ. ಮೈಸೂರಲ್ಲಿರೋ ಚಟ ಬಿಡಿಸೋ ಕೇಂದ್ರದಲ್ಲೇ ಕೊಡ್ಬೇಕು, ಕಾನೂನು ಹಾಗಿದೆ. ಅದ್ರಲ್ಲೂ ಸ್ವಲ್ಪ ಅಮಲಿದೆ, ಹೊರಗೆ ಬಂದ್ರೆ ಮಾರ್ಕೊಳ್ತಾರೆ."

"ನಾಯಿ ಕಚ್ಚಿದ್ರೆ ನೀವೇ ಚುಚ್ತೀರ. ಇದಕ್ಕೆ ಮೈಸೂರಿಗೆ ಹೋಗ್ಬೇಕಾ?"

ಹೋದೆವು. ಅಲ್ಲಿ ನರ್ಸ್ ಮಾತ್ರೆಯನ್ನು ಅಣ್ಣನ ನಾಲಿಗೆಯಡಿ ಇಟ್ಟು, ಕರಗುವವರೆಗೂ ಎದುರಿಗೇ ನಿಲ್ಲುತ್ತಿದ್ದರು. ಅಷ್ಟು ಹೊತ್ತು ಬಾಯಿ ಬಿಡುವಂತಿಲ್ಲ. "ನನ್ನನ್ನ ಇಲ್ಲಿ ಸೇರಿಸಿದ್ರೆ ಸತ್ತೇ ಹೋಗ್ತೀನಿ" ಎಂದೆ. ಅಣ್ಣ ತುಟಿ ಬಿಗಿಹಿಡಿದೇ ನಕ್ಕ.

ಒಂದು ತಿಂಗಳು ಅಲ್ಲೇ ಉಳಿದು ಚೇತರಿಸಿಕೊಂಡ. ಅಷ್ಟರಲ್ಲಿ ಕಾಫಿ ಕೊಯ್ಲು ಶುರುವಾಯಿತು, ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಫೋನ್ ಮಾಡಿ, "ಬರ್ತಾನಾ, ಬೇರೆಯವನ್ನ ನೋಡ್ಲಾ?" ಎಂದ. ಕೇಂದ್ರದ ಡಾಕ್ಟರ್ ಮೇಡಂ ಯೋಚಿಸಿ, ಎರಡು ವಾರಕ್ಕೆ ಹದಿನಾಲ್ಕು ಮಾತ್ರೆ ಮನೆಗೆ ಕೊಡಲು ಒಪ್ಪಿದರು. ಮಾತ್ರೆ ಅಮ್ಮನ ಕೈಯಲ್ಲಿರಬೇಕು. ಎರಡು ದಿನಕ್ಕೊಮ್ಮೆ ನರ್ಸ್ ಮನೆಗೆ ಫೋನ್ ಮಾಡಿದಾಗ ಅಣ್ಣನೇ ಮಾತಾಡಬೇಕು. "ದನಿ ಕೇಳಿದ್ರೆ ನಮಗೆ ಗೊತ್ತಾಗುತ್ತೆ" ಎಂದರು.

ಕೊಯ್ಲಿನಲ್ಲಿ ಅಣ್ಣ ಎಸ್ಟೇಟಿನ ಲೈನ್ ಮನೆಯಲ್ಲೇ, ಕೆಲಸದವರ ಜತೆ ಉಳಿದುಕೊಂಡ. ಅಮ್ಮ ಮಾತ್ರೆಗಳನ್ನು ಅವನ ಕೈಗೇ ಕೊಟ್ಟುಬಿಟ್ಟಳು. "ಅಲ್ಲಿ ನೆಟ್‌ವರ್ಕ್ ಸಿಗಲ್ಲ ಕಣೋ," ಎಂದ ನನಗೆ. "ಫೋನ್ ಬಂದ್ರೆ ನೀನೇ ನಾನಾಗಿ ಮಾತಾಡ್ಬಿಡು."

ಮಾತಾಡಿದೆ. ಅಣ್ಣನ ದನಿ ಸುಲಭ: ಗಂಟಲು ಸ್ವಲ್ಪ ಒರಟು, ವಾಕ್ಯದ ಕೊನೆಯಲ್ಲಿ ಸೋಮಾರಿತನ.

"ನಿದ್ದೆ ಬರ್ತಿದ್ಯಾ?" ಎಂದರು ನರ್ಸ್.

"ಬರ್ತದೆ ಸಿಸ್ಟರ್. ಜೀಪು ಓಡಿಸೋವಾಗ್ಲೂ ಬರ್ತದೆ."

ನರ್ಸ್ ನಕ್ಕರು. ಅಡುಗೆಮನೆಯಲ್ಲಿ ಅಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆರು ಸಲ ಫೋನ್ ಬಂತು, ಆರು ಸಲವೂ ನಾನು ಅಣ್ಣನಾದೆ. ಪ್ರತಿ ಸಲ ಹಿಂದಿನದಕ್ಕಿಂತ ಚೆನ್ನಾಗಿ ಮಾಡಿದೆ ಎಂಬ ಹೆಮ್ಮೆ ಬೇರೆ.

ಹದಿಮೂರನೆಯ ದಿನ ಅಣ್ಣ ಜೀಪಿನ ಸೀಟಿನಲ್ಲಿ ತುಟಿ ನೀಲಿಗಟ್ಟಿ ಬಿದ್ದಿದ್ದ. ಮತ್ತೆ ಹೆರಾಯಿನ್ ತೆಗೆದುಕೊಂಡಿದ್ದ. ಲೈನಿನವರು ನೋಡಿ ಆಸ್ಪತ್ರೆಗೆ ಹೊತ್ತೊಯ್ದರು. ಬದುಕಿದ. ಜೇಬಿನಲ್ಲಿ ಹತ್ತು ಮಾತ್ರೆ ಹಾಗೇ ಇದ್ದವು.

ಅವನನ್ನು ಮತ್ತೆ ಮೈಸೂರಿಗೆ ಕರೆದೊಯ್ದಾಗ ಮೇಡಂ ಆ ಹತ್ತನ್ನು ಮೇಜಿನ ಮೇಲಿಟ್ಟರು. "ಐದನೇ ದಿನದಿಂದ ತಗೊಂಡಿಲ್ಲ. ಆಮೇಲೆ ನಾಲ್ಕು ಸಲ ಸಿಸ್ಟರ್ ಜತೆ ಮಾತಾಡಿದ್ದು ಯಾರು?"

"ನಾನು" ಎಂದೆ. ನನ್ನ ದನಿಯನ್ನೇ ಯಾರೋ ಕೆಟ್ಟದಾಗಿ ಅನುಕರಿಸಿದ ಹಾಗಿತ್ತು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಆಮೇಲೆ ಅವರನ್ನೂ ಅನುಕರಿಸಿ ಹಗುರಾಗಬಹುದಿತ್ತು. "ನನ್ನ ಸಹಿ ಮೇಲೆ ಮನೆಗೆ ಕೊಟ್ಟಿದ್ದು. ಇನ್ನು ಕೊಡೋಕಾಗಲ್ಲ. ದಿನಾ ಇಲ್ಲಿಗೇ ಬಂದು ತಗೋಬೇಕು" ಎಂದರು, ಅಷ್ಟೇ.

ಹೋಗಲು ಮೂರು ಗಂಟೆ, ಬರಲು ಮೂರು. ರೈಟರ್ ಜೀಪಿನ ಕೀಲಿ ಬೇರೆಯವನಿಗೆ ಕೊಟ್ಟ. ಒಂಬತ್ತು ದಿನ ಅಣ್ಣ ಬಸ್ಸು ಹತ್ತಿದ, ಪಕ್ಕದಲ್ಲಿ ನಾನು. ಒಂಬತ್ತು ದಿನದಲ್ಲಿ ನಾವು ಒಂಬತ್ತು ಮಾತೂ ಆಡಿರಲಿಕ್ಕಿಲ್ಲ. ಹತ್ತನೆಯ ಬೆಳಿಗ್ಗೆ ಅವನು ಹಾಸಿಗೆ ಬಿಟ್ಟು ಏಳಲಿಲ್ಲ.

"ಏಳಣ್ಣ, ಬಸ್ಸು ಹೋಗ್ತದೆ."

"ನೀನೇ ಹೋಗ್ಬಾ," ಎಂದ, ಗೋಡೆಯ ಕಡೆ ತಿರುಗಿ. "ಹೆಂಗೂ ನನ್ನ ಹಾಗೇ ಮಾತಾಡ್ತೀಯಲ್ಲ."

ಅಮ್ಮ ಬುತ್ತಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಸ್ಸು ಹೋದ ಮೇಲೂ ನಿಂತೇ ಇದ್ದಳು.