ಕೆಳಗೆ ಹೋದರೆ ಪ್ಲಸ್

ಲೆಕ್ಕ ತಿಳಿದವರು ಪೆನ್ನು ಮುಟ್ಟಬಾರದು. ತಿಳಿಯದವರ ಕೈಯಲ್ಲೇ ಪೆನ್ನು ಇರಬೇಕು, ತಿಳಿದವರು ಬರೀ ಪ್ರಶ್ನೆ ಕೇಳಬೇಕು. ಬಳ್ಳಾರಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ನಾವು ಮೂವರು ಹುಡುಗಿಯರು ಮಾಡಿಕೊಂಡಿದ್ದ ಕಟ್ಟುಪಾಡು ಇದು. ಆ ದಿನಗಳಲ್ಲಿ ಪೆನ್ನು ಹೆಚ್ಚಾಗಿ ನನ್ನ ಕೈಯಲ್ಲೇ ಇರುತ್ತಿತ್ತು.

ಪಿಯುಸಿ ಮೊದಲ ವರ್ಷ, ವಿಜ್ಞಾನ. ನಾನು ಕುರುಗೋಡಿನವಳು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬಂದವಳಿಗೆ ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷ್. ಭೌತಶಾಸ್ತ್ರದ ಮೊದಲ ಟೆಸ್ಟಿನಲ್ಲಿ ಮಣ್ಣು ಮುಕ್ಕಿದೆ. ಲೆಕ್ಚರರು ಪೇಪರು ಕೊಡುತ್ತಾ, "ಮುಂದಿನ ಟೆಸ್ಟಿನಾಗೂ ಹಿಂಗ ಆದ್ರ ಆರ್ಟ್ಸಿಗೆ ಹೋಗಮ್ಮಾ, ಅರ್ಜಿ ನಾನ ಬರಸ್ತೀನಿ" ಎಂದರು. ಆರ್ಟ್ಸೇನೂ ಕಡಿಮೆಯದಲ್ಲ. ಆದರೆ ನಾನು ಆರಿಸಿಕೊಂಡದ್ದು ವಿಜ್ಞಾನ. ಬಿಡುವುದಿದ್ದರೆ ನಾನೇ ಬಿಡಬೇಕು, ಇನ್ನೊಬ್ಬರು ಬಿಡಿಸುವುದಲ್ಲ. ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆ ಸಿಟ್ಟಿನಲ್ಲೇ ಬಸ್ ಸ್ಟ್ಯಾಂಡಿನಲ್ಲಿ, ನನ್ನದೇ ತರಗತಿಯ ಸಿರುಗುಪ್ಪದವಳ ಪಕ್ಕ ಹೋಗಿ ಕೂತೆ. ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ಕನ್ನಡ, ಎಣಿಸುವಾಗ ಮತ್ತೆ ತೆಲುಗು ಆಡುವವಳು ಅವಳು. ಮೂರನೆಯವಳು ಬಳ್ಳಾರಿಯವಳೇ, ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಅವಳು ಯಾವ ಬಸ್ಸಿಗೂ ಕಾಯಬೇಕಾಗಿರಲಿಲ್ಲ, ಆದರೂ ನಮ್ಮ ಬಸ್ಸು ಬರುವವರೆಗೆ ಕೂತಿರುತ್ತಿದ್ದಳು.

ಸರಳರೇಖೆಯ ಸಮೀಕರಣವನ್ನು ಸಿರುಗುಪ್ಪದವಳು ನನಗೆ ಎರಡೇ ಪ್ರಶ್ನೆಗಳಲ್ಲಿ ಕಲಿಸಿದಳು. "ಶುರುವಿನಾಗ ಎಷ್ಟಿತ್ತು? ಆಮ್ಯಾಲೆ ಒಂದೊಂದು ಸಲಕ್ಕ ಎಷ್ಟು ಏರತೈತಿ?" ವೇಗದ ಸೂತ್ರ ಬಂದಾಗಲೂ ಅವೇ ಎರಡು ಪ್ರಶ್ನೆ ಕೇಳಿದಳು. ಎರಡೂ ಒಂದೇ ರೇಖೆ ಎಂದು ಗೊತ್ತಾದಾಗ ನಾನು ಬೆಂಚಿನಿಂದ ಎದ್ದೇ ನಿಂತೆ. ಗಣಿತದ ಮೇಷ್ಟ್ರು, ಭೌತಶಾಸ್ತ್ರದ ಮೇಷ್ಟ್ರು ಇಬ್ಬರೂ ಒಂದೇ ಮಾತು ಹೇಳುತ್ತಿದ್ದಾರೆಂದು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ.

ಎಡವಿದ್ದು ಮೈನಸ್ಸಿನಲ್ಲಿ. ಕಲ್ಲು ಕೆಳಗೆ ಬಿದ್ದರೆ ದೂರ ಮೈನಸ್ ಎಂದು ಪುಸ್ತಕ ಹೇಳುತ್ತಿತ್ತು. ನಮ್ಮ ಹಿತ್ತಲಲ್ಲಿ ಬಾವಿ ಇದೆ. ಬೇಸಿಗೆಯಲ್ಲಿ ಅಜ್ಜಿ ಕೊಡ ಇಳಿಬಿಟ್ಟು "ಇಪ್ಪತ್ತು ಮೊಳ ಹಗ್ಗ ಬೇಕಾತು" ಅನ್ನುತ್ತಿದ್ದಳೇ ಹೊರತು ಮೈನಸ್ ಇಪ್ಪತ್ತು ಎಂದವಳಲ್ಲ.

"ಕೆಳಗ ಹ್ವಾದಷ್ಟೂ ಹಗ್ಗ ಹೆಚ್ಚಾಗತೈತಿ. ಇದು ಹೆಂಗ ಮೈನಸ್ಸಾಗತೈತಲೇ?" ಎಂದು ರೇಗಿದೆ.

ಬಳ್ಳಾರಿಯವಳು ಪುಸ್ತಕ ಮುಚ್ಚಿದಳು. "ಮ್ಯಾಲೆ ಹೋಗೂದ ಪ್ಲಸ್ ಅನ್ನಬೇಕಂತ ಯಾರು ಹೇಳ್ಯಾರ? ಕೆಳಗ ಹೋಗೂದು ಪ್ಲಸ್ ಅಂತ ಹಿಡಿದು ನೋಡು. ಹಿಡಿದ ಮ್ಯಾಲೆ ನಡುವ ಬದಲಸಬ್ಯಾಡ, ಅಷ್ಟ."

ಹಿಡಿದು ನೋಡಿದೆ. ಉತ್ತರ ಸರಿ ಬಂತು. ಅವರಿಬ್ಬರಿಗೂ ಅದೇ ಸಲೀಸು ಅನಿಸಿ ಅಂದಿನಿಂದ ಮೂವರೂ ಹಾಗೇ ಮಾಡತೊಡಗಿದೆವು.

ಎರಡನೇ ಟೆಸ್ಟಿನಲ್ಲಿ ಕಟ್ಟಡದ ಮೇಲಿಂದ ಕಲ್ಲನ್ನು ಮೇಲಕ್ಕೆ ಎಸೆಯುವ ಲೆಕ್ಕ ಬಂತು, ಅದರ ವೇಗದ ರೇಖೆಯನ್ನೂ ಎಳೆಯಬೇಕಿತ್ತು. ಇಡೀ ತರಗತಿಯ ರೇಖೆ ಇಳಿಯುತ್ತಿದ್ದರೆ ನಮ್ಮ ಮೂವರದು ಏರುತ್ತಿತ್ತು. ಕೂತದ್ದು ಮೂರು ಮೂಲೆಯಲ್ಲಾದರೂ ಲೆಕ್ಚರರು ನಮ್ಮನ್ನು ಸ್ಟಾಫ್ ರೂಮಿಗೆ ಕರೆಸಿದರು.

"ಮೂರು ಪೇಪರಿನಾಗ ಒಂದ ತಪ್ಪು. ಇದಕ್ಕ ಏನಂತಾರ?" ಬಳ್ಳಾರಿಯವಳ ಕಡೆ ತಿರುಗಿ, "ನಿನ್ನದು ಬಿಡು, ನೀನು ಮಾಡಿರ್ತೀ" ಎಂದರು. ನಮ್ಮಿಬ್ಬರ ಮುಂದೆ ಒಂದು ಹಾಳೆ ಇಟ್ಟರು. ನಕಲು ಮಾಡಿದ್ದೇವೆ, ಕ್ಷಮಿಸಿ ಎಂದು ಅದರಲ್ಲಿ ಬರೆದಿತ್ತು. ಸಹಿ ಹಾಕಿದರೆ ಪಾಸಿನ ಅಂಕ, ಇಲ್ಲವಾದರೆ ಸೊನ್ನೆ. ಸೊನ್ನೆಯೆಂದರೆ ನನಗೆ ಆರ್ಟ್ಸು.

ಸಹಿ ಹಾಕಿಬಿಡೋಣ ಎಂದು ಒಂದು ಕ್ಷಣ ನನಗೂ ಅನಿಸಿತು, ಸುಳ್ಳು ಯಾಕೆ ಹೇಳಲಿ? ಆದರೆ ಆ ಏರುವ ರೇಖೆ ನಮ್ಮ ಬಾವಿಯದು. ಅದನ್ನು ಇನ್ನೊಬ್ಬರದು ಎಂದು ನನ್ನ ಕೈಯಾರೆ ಬರೆದುಕೊಡಲು ಮನಸ್ಸು ಒಪ್ಪಲಿಲ್ಲ.

"ಸಹಿ ಮಾಡಾಂಗಿಲ್ರಿ ಸರ್. ಇನ್ನೊಂದು ಲೆಕ್ಕ ಕೊಡ್ರಿ, ಇಲ್ಲೇ ಮಾಡ್ತೀನಿ."

ಸಿರುಗುಪ್ಪದವಳೂ ಹಾಳೆಯನ್ನು ಹಿಂದಕ್ಕೆ ದೂಡಿದಳು. ಲೆಕ್ಚರರು ಅವರಿಬ್ಬರನ್ನು ಹೊರಗೆ ಕಳಿಸಿ, ಗೋಡೆಯ ಬೋರ್ಡಿನ ಮೇಲೆ ಲೆಕ್ಕ ಬರೆದರು: ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಏರುತ್ತಿರುವ ಬಲೂನು. ಅರವತ್ತು ಮೀಟರ್ ಎತ್ತರದಲ್ಲಿ ಅದರಿಂದ ಒಂದು ಕಲ್ಲು ಬಿಟ್ಟರೆ ನೆಲ ಮುಟ್ಟಲು ಎಷ್ಟು ಹೊತ್ತು?

ಬಿಟ್ಟ ಕಲ್ಲಲ್ಲವೇ ಎಂದು ಶುರುವಿನ ವೇಗ ಸೊನ್ನೆ ಬರೆದೆ. ಹನ್ನೆರಡರ ವರ್ಗಮೂಲ ಬಂತು. ಇಷ್ಟು ಕೆಟ್ಟ ಉತ್ತರ ಬರಲಾರದು ಅನಿಸಿತು. ಸೀಮೆಸುಣ್ಣ ಹಿಡಿದು ನಿಂತೆ. ಸಿರುಗುಪ್ಪದವಳು ಇದ್ದಿದ್ದರೆ ಏನು ಕೇಳುತ್ತಿದ್ದಳು?

"ಕಲ್ಲು ಬಿಡೋ ಹೊತ್ತಿಗೆ ಬಲೂನು ನಿಂತಿತ್ತೇನು?" ಎಂದು ಬಾಯಿಬಿಟ್ಟೇ ಕೇಳಿದೆ.

"ಯಾರನ್ನ ಕೇಳಾಕತ್ತೀದಿ?" ಲೆಕ್ಚರರು ಬಾಗಿಲ ಕಡೆ ನೋಡಿದರು.

"ನನ್ನನ್ನ ನಾನ ಕೇಳ್ಕೊಳ್ಳಾಕತ್ತೀನ್ರಿ. ಅದೂ ಕಾಪೀನೇನ್ರಿ?"

ಸೊನ್ನೆ ಅಳಿಸಿ ಮೈನಸ್ ಐದು ಬರೆದೆ. ಕೆಳಗೆ ಪ್ಲಸ್ಸಾದರೆ ಮೇಲೆ ಹೋಗುವುದು ಮೈನಸ್. ನಾಲ್ಕು ಸೆಕೆಂಡು ಬಂತು. ಕೇಳದಿದ್ದರೂ ಅದರ ಕೆಳಗೆ ವೇಗದ ರೇಖೆಯನ್ನೂ ಎಳೆದೆ, ಏರುವಂಥದ್ದೇ.

ಅವರು ಬೋರ್ಡಿನ ಸಾಲುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದರು. ಲೆಕ್ಕದ ಮಟ್ಟಿಗೆ ಮೋಸ ಮಾಡುವ ಮನುಷ್ಯರಲ್ಲ. "ಸರಿ ಐತಿ" ಎಂದು ನಮ್ಮ ಪೇಪರುಗಳನ್ನು ತೆಗೆದು ಅಂಕ ತಿದ್ದಿದರು. ನಾನು ಪಾಸಾದೆ. ಅವರಿಬ್ಬರನ್ನೂ ಒಳಗೆ ಕರೆದರು.

ಅಷ್ಟಕ್ಕೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. "ಕಾಪಿ ಅಂತ ಮ್ಯಾಲಿನವರಿಗೆ ಹೇಳಿಬಿಟ್ಟೀನಮ್ಮಾ, ಫೈಲಿಗೆ ಒಂದು ಪತ್ರ ಬೇಕು. ಅಂಕ ಕೊಟ್ಟೀನಲ್ಲ, ಸುಮ್ಮನ ಸಹಿ ಹಾಕ್ರಿ" ಎಂದು ಅದೇ ಹಾಳೆಯನ್ನು ಮತ್ತೆ ಮುಂದಿಟ್ಟರು.

"ಪತ್ರ ಬೇಕಂದ್ರ ಕೊಡ್ತೀವ್ರಿ" ಎಂದೆ. ಅಲ್ಲೇ ನೋಟ್‌ಬುಕ್ಕಿನ ಹಾಳೆ ಹರಿದು ಬರೆದೆ: 'ನಾವು ನಕಲು ಮಾಡಿಲ್ಲ. ಒಬ್ಬರಿಂದ ಒಬ್ಬರು ಕಲಿತಿದ್ದೇವೆ. ಅದು ತಪ್ಪು ಎಂಬ ನಿಯಮವಿದ್ದರೆ ದಯವಿಟ್ಟು ನಮಗೆ ಬರೆದು ತಿಳಿಸಬೇಕು.' ಕೆಳಗೆ ಮೂವರೂ ಸಹಿ ಹಾಕಿದೆವು. ಮೊದಲ ಸಹಿ, ಯಾವ ಸಹಿಯೂ ಹಾಕಬೇಕಾಗಿರದ ಬಳ್ಳಾರಿಯವಳದು.

ಲೆಕ್ಚರರು ಅದನ್ನು ಎರಡು ಸಲ ಓದಿ ಫೈಲಿನಲ್ಲಿ ಇಟ್ಟರು. ನಾವು ಮೂವರೂ ವಿಜ್ಞಾನದಲ್ಲೇ ಪಿಯುಸಿ ಮುಗಿಸಿ ಹೊರಬಿದ್ದೆವು. ಆ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.