ದೇಚಮ್ಮ ಆಂಟಿ ಆರಿಸಿದ ರೈಫಲ್

ದೇಚಮ್ಮ ಆಂಟಿ ಯಾರ ಕಡೆಗೂ ಬೆರಳು ತೋರಿಸುತ್ತಿರಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿದರೆ ಗಲ್ಲ ಎತ್ತಿ ತೋರಿಸುವರು. ಸಿಡ್ನಿಯ ನಮ್ಮ ಟೂಂಗಾಬಿ ಸ್ಟೇಷನ್ನಿಗೆ ದಾರಿ ಕೇಳಿದವರಿಗೆ ಇಡೀ ಅಂಗೈ ಬಿಚ್ಚಿ ತೋರಿಸುವರು. ಟಿವಿಯ ರಿಮೋಟ್ ಹಿಡಿದಿರುವಾಗ ಯಾರಾದರೂ ಅಡ್ಡ ಬಂದರೆ ಅದನ್ನು ನೆಲದತ್ತ ಇಳಿಸಿ, ಅವರು ದಾಟಿದ ಮೇಲೆ ಮತ್ತೆ ಎತ್ತುವರು. ಮೊದಲ ಸಲ ಇದನ್ನು ನೋಡಿದಾಗ ನಾನು ಹೆಂಡತಿ ನಂದಾಗೆ ಕಣ್ಣು ಹೊಡೆದೆ. ಆಂಟಿಗೆ ಅದೂ ಕಂಡಿತು. "ನಗು ಮಾರಾಯ. ನಮ್ಮದು ಬಂದೂಕು ಇರುವ ಮನೆ, ಮಕ್ಕಳಿಗೆ ಅಕ್ಷರ ಕಲಿಸುವ ಮೊದಲು ಇದನ್ನು ಕಲಿಸ್ತಾರೆ" ಎಂದರು.

ಅವರು ಕೊಡಗಿನವರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಒಬ್ಬಳೇ ಮಗಳು ಮೆಲ್ಬರ್ನ್‌ನಲ್ಲಿದ್ದಳು. ಆಂಟಿ ವೆಸ್ಟ್‌ಮೀಡ್‌ನಲ್ಲಿ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನ ನರ್ಸ್. ಕುಳ್ಳಗಿನ ಮೈ, ಕತ್ತರಿಸಿದ ಬಿಳಿ ಕೂದಲು, ಮೊಣಕೈ ಸವೆದ ಒಂದು ನೀಲಿ ಕಾರ್ಡಿಗನ್. ನಮ್ಮ ಮನೆಯಿಂದ ಎರಡು ರಸ್ತೆ ಆಚೆಗೆ ಇದ್ದರು. ನಾವು ಹುಬ್ಬಳ್ಳಿಯ ಲಿಂಗಾಯತರು ಎಂದು ಗೊತ್ತಾದ ದಿನ ಅವರ ಮುಖದಲ್ಲಿ ಮೂಡಿದ ಕನಿಕರವನ್ನು ನಾನು ಮರೆತಿಲ್ಲ. ಹಂದಿ ಮಾಂಸ ತಿನ್ನದ ಜನರ ಮೇಲೆ ಅವರಿಗೆ ನಿಜವಾಗಿಯೂ ಮರುಕವಿತ್ತು. ಆದರೂ ನಾವು ಹೋದಾಗಲೆಲ್ಲ ಅಕ್ಕಿತರಿಯ ಉಂಡೆ ಕಡಂಬುಟ್ಟು ಬೇಯಿಸಿ, ಎಳೆಬಿದಿರಿನ ಕಣಿಲೆಯ ಪಲ್ಯ ಮಾಡಿ ಬಡಿಸುತ್ತಿದ್ದರು.

ಭಾನುವಾರ ಬೆಳಿಗ್ಗೆ ಅವರು ಗುರಿ ಹೊಡೆಯುವ ಕ್ಲಬ್ಬಿಗೆ ಹೋಗುತ್ತಿದ್ದರು. ಗ್ಯಾರೇಜಿನ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಉಕ್ಕಿನ ಪೆಟ್ಟಿಗೆಯಲ್ಲಿ ಅವರದೊಂದು ರೈಫಲ್ ಇತ್ತು. ಸೆಪ್ಟೆಂಬರ್ ಮೊದಲಲ್ಲಿ ಕೊಡವರು ಆಯುಧ ಪೂಜಿಸುವ ಕೈಲ್‌ಪೊದ್ ಹಬ್ಬದ ದಿನ ಗ್ಯಾರೇಜಿನ ಬಾಗಿಲು ಹಾಕಿಕೊಂಡು, ಪೆಟ್ಟಿಗೆ ತೆರೆದು, ಬಂದೂಕಿಗೆ ಗಂಧ ಹಚ್ಚಿ, ನಳಿಗೆಯ ತುದಿಗೆ ಒಂದು ಹೂ ಸಿಕ್ಕಿಸಿ ಕೈ ಮುಗಿಯುವರು. ಬೀದಿಯ ಇತರ ಆಂಟಿಯರು ವರಲಕ್ಷ್ಮಿಯನ್ನು ಕೂರಿಸುತ್ತಿದ್ದರು, ಇವರು ಇದನ್ನು. ಜೊತೆಗೆ ಲಾಂಡ್ರಿ ರೂಮಿನಲ್ಲಿ ದೊಡ್ಡದೊಂದು ಪ್ಲಾಸ್ಟಿಕ್ ಟಬ್. ಕಾಡ್ಗಿಚ್ಚು ಬಂದರೂ ಪ್ರವಾಹ ಬಂದರೂ ಎತ್ತಿಕೊಂಡು ಓಡಲು ಟಾರ್ಚು, ರೇಡಿಯೋ, ನೀರು, ಉಣ್ಣೆಯ ಕಂಬಳಿ, ಬ್ಯಾಂಡೇಜು, ಚಾಕೊಲೇಟ್ ಎಲ್ಲ ಅದರಲ್ಲಿ. ಆಪತ್ತು ಬರುವ ಮೊದಲೇ ಚಾಕೊಲೇಟ್ ಮಾತ್ರ ಖಾಲಿಯಾಗಿರುತ್ತಿತ್ತು.

ಎರಡು ಸಾವಿರದ ಒಂಬತ್ತರಲ್ಲಿ ಮೆಲ್ಬರ್ನ್‌ನಲ್ಲಿ ನಮ್ಮ ಹುಡುಗರಿಗೆ ಏಟು ಬೀಳುತ್ತಿದ್ದ ಸುದ್ದಿ ಆಗಾಗ ಬರುತ್ತಿತ್ತು. ರೈಲಿನಲ್ಲಿ, ಸ್ಟೇಷನ್ನಿನ ಹೊರಗೆ, ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ. ನಾವು ಸಿಡ್ನಿಯವರು ಪೇಪರ್ ಓದಿ ಲೊಚಗುಟ್ಟಿ ಪುಟ ತಿರುಗಿಸುತ್ತಿದ್ದೆವು. ಆಮೇಲೆ ನನ್ನ ತಮ್ಮ ಮಂಜುನಾಥನಿಗೇ ಬಿತ್ತು. ಅವನು ಅಲ್ಲಿ ಓದುತ್ತಿದ್ದ, ಸಂಜೆ ಹೊತ್ತು ಒಂದು ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಹುಡ್ ಹಾಕಿಕೊಂಡ ಕೆಲವರು ಸ್ಟೇಷನ್ನಿನ ಕಾರ್ ಪಾರ್ಕಿನಲ್ಲಿ ಅವನನ್ನು ಕೆಡವಿ ತುಳಿದಿದ್ದರು. ಫೋನ್ ಕಿತ್ತುಕೊಂಡು ಹೋಗಿದ್ದರೆ ಕಳ್ಳರು ಎಂದಾದರೂ ಅನ್ನಬಹುದಿತ್ತು, ಫೋನನ್ನು ಅವನ ಎದುರೇ ಕಾಲಿನಿಂದ ಜಜ್ಜಿ ಹೋಗಿದ್ದರು.

ನಾನು ಹೋಗಿ ಅವನನ್ನು ಸಿಡ್ನಿಗೆ ಕರೆತಂದೆ. ಪಕ್ಕೆಲುಬು ಕೂಡಿಕೊಂಡವು, ಕಣ್ಣಿನ ಕೆಳಗಿನ ಕಪ್ಪು ಹೋಯಿತು. ಅಂಜಿಕೆ ಹೋಗಲಿಲ್ಲ. ಊಟಕ್ಕೆ ಕುಳಿತರೂ ಬೆನ್ನು ಗೋಡೆಗೆ, ಮುಖ ಬಾಗಿಲಿಗೆ. ನಮ್ಮವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕಿಗೆ ಜಿಲೇಬಿ ತರಲು ಹೋದವನು ಸ್ಟೇಷನ್ನಿನಿಂದಲೇ ತಿರುಗಿ ಬಂದ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಎದೆ ಉಬ್ಬಿಸಿಕೊಂಡು ತಿರುಗಿದ ಹುಡುಗನನ್ನು ಹೀಗೆ ನೋಡಿ ನನಗೆ ರಕ್ತ ಕುದಿಯುತ್ತಿತ್ತು. ಒಂದು ಶನಿವಾರ ನೇರವಾಗಿ ದೇಚಮ್ಮ ಆಂಟಿಯ ಮನೆಗೆ ಹೋಗಿ, ಮನೆಯ ರಕ್ಷಣೆಗೆ ನಂಬಬಹುದಾದ ಒಂದು ರೈಫಲ್ ಬೇಕು, ಯಾವುದು ಒಳ್ಳೆಯದು ಹೇಳಿ ಎಂದೆ.

ಆಂಟಿ ಎದ್ದು ಬಂದು ನನ್ನ ಬಾಯಿಯ ಮೇಲೆ ಅಂಗೈ ಇಟ್ಟರು. "ಈ ಮಾತನ್ನು ಇನ್ನೊಂದು ಸಲ ಎಲ್ಲಿಯೂ ಆಡಬೇಡ. ಇಲ್ಲಿಯ ಕಾನೂನಲ್ಲಿ ಬಂದೂಕು ಕೇಳ್ಲಿಕ್ಕೆ ಬೇಕಾದಷ್ಟು ಕಾರಣ ಉಂಟು. ನನ್ನ ಜೀವ ಕಾಪಾಡ್ಲಿಕ್ಕೆ ಅಂತ ಒಂದು ಮಾತ್ರ ಇಲ್ಲ."

ನನಗೆ ನಂಬಲಾಗಲಿಲ್ಲ. ಮೊಲ ಹೊಡೆಯುತ್ತೇನೆ ಎಂದರೆ ಕೊಡುತ್ತಾರೆ, ಕಾಗದಕ್ಕೆ ತೂತು ಮಾಡುತ್ತೇನೆ ಎಂದರೂ ಕೊಡುತ್ತಾರೆ, ತಮ್ಮನನ್ನು ತುಳಿಯಲು ಬಂದವರನ್ನು ತಡೆಯುತ್ತೇನೆ ಎಂದರೆ ಇಲ್ಲವೇ? ಆಂಟಿ ತಣ್ಣಗೆ ಮುಂದುವರಿಸಿದರು. ಬಂದೂಕು ಒಂದು ಪೆಟ್ಟಿಗೆಯಲ್ಲಿ, ಗುಂಡು ಇನ್ನೊಂದರಲ್ಲಿ, ಎರಡಕ್ಕೂ ಬೀಗ. ನೀನು ಎರಡನ್ನೂ ತೆಗೆಯುವಷ್ಟರಲ್ಲಿ ಬಂದ ಕಳ್ಳ ಚಹಾ ಕಾಸಿಕೊಂಡು ಕುಡಿದು ಲೋಟ ತೊಳೆದಿಟ್ಟು ಹೋಗಿರುತ್ತಾನೆ ಎಂದರು. ಆ ವರ್ಷ ಹ್ಯಾರಿಸ್ ಪಾರ್ಕಿನ ಎಷ್ಟೋ ಹುಡುಗರು ಇದೇ ಪ್ರಶ್ನೆ ಹೊತ್ತು ಅವರ ಬಾಗಿಲಿಗೆ ಬಂದಿದ್ದರಂತೆ. ಎಲ್ಲರಿಗೂ ಕಾಫಿ ಕೊಟ್ಟು, ಬೈದು, ಕಳಿಸಿದ್ದರು. ನನಗೂ ಕಾಫಿ ಸಿಕ್ಕಿತು.

ಅವರ ಮನಸ್ಸು ಬದಲಾದದ್ದು ಮಂಜುವನ್ನು ನೋಡಿದ ಮೇಲೆ. ಒಂದು ದಿನ ನಮ್ಮ ಮನೆಗೆ ಬಂದಾಗ ಹೊರಗೆ ಯಾರದೋ ಕಾರಿನ ಬಾಗಿಲು ದಪ್ಪೆಂದಿತು. ಮಂಜುವಿನ ಕೈಯ ತಟ್ಟೆ ನೆಲಕ್ಕೆ ಬಿತ್ತು. ಆಂಟಿ ಚೂರುಗಳನ್ನು ಆರಿಸುತ್ತ ಅವನ ಕೈಗಳನ್ನೇ ನೋಡುತ್ತಿದ್ದರು. ಹೋಗುವಾಗ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು ತಮ್ಮ ಕಥೆ ಹೇಳಿದರು. ಮದುವೆಯಾದ ಹೊಸತರಲ್ಲಿ ಗಂಡ ಸೈನ್ಯದಲ್ಲಿ, ದೊಡ್ಡ ಮನೆ, ಪ್ರತಿ ಸದ್ದಿಗೂ ಬೆಚ್ಚುತ್ತಿದ್ದರಂತೆ. ಅತ್ತೆ ಒಂದು ದಿನ ಮನೆಯ ಬಂದೂಕನ್ನು ತಂದು ಮಡಿಲಲ್ಲಿಟ್ಟು, ಬಿಚ್ಚಲು, ಒರೆಸಲು, ಹೊಡೆಯಲು ಕಲಿಸಿದರಂತೆ. "ಅದನ್ನು ಹಾರಿಸುವ ಸಂದರ್ಭವೇ ಬರಲಿಲ್ಲ. ಕಲಿತ ಮೇಲೆ ಹೆದ್ರಿಕೆ ಹೋಯ್ತು, ಅಷ್ಟೇ. ಇವನನ್ನು ಭಾನುವಾರ ನನ್ನ ಒಟ್ಟಿಗೆ ಕಳಿಸು" ಎಂದರು.

ಕಾನೂನಿನ ಪ್ರಕಾರವೇ ಎಲ್ಲ ಮಾಡಿಸಿದರು. ಕಾಯಂ ನಿವಾಸದ ಪಿಆರ್ ಇದ್ದ ನಾನು ಕ್ಲಬ್ಬಿನ ಸದಸ್ಯನಾದೆ, ಸುರಕ್ಷತೆಯ ತರಬೇತಿ ಮುಗಿಸಿದೆ, ಗುರಿ ಹೊಡೆಯುವುದಕ್ಕೆಂದು ಲೈಸೆನ್ಸ್ ಬಂತು. ಮಂಜು ಅತಿಥಿಯಾಗಿ ಬಂದು, ಆಂಟಿಯ ಪಕ್ಕದಲ್ಲಿ ಬೋರಲಾಗಿ ಮಲಗಿ ಗುರಿ ಹೊಡೆಯುತ್ತಿದ್ದ. ಉಸಿರು ಬಿಡು, ಅರ್ಧಕ್ಕೆ ನಿಲ್ಲಿಸು, ಕಾಣದ್ದಕ್ಕೆ ಹೊಡೆಯಬೇಡ ಎಂದು ಅವನ ಕಿವಿಯಲ್ಲಿ ಮೆಲ್ಲಗೆ ಹೇಳುತ್ತಿದ್ದರು. ಕೆಲವು ವಾರಗಳಲ್ಲಿ ಅವನ ಕೈ ನಡುಕ ನಿಂತಿತು. ಒಂದು ಭಾನುವಾರ ನನ್ನ ಗುಂಡು ಪಕ್ಕದವನ ಹಾಳೆಗೆ ಬಿದ್ದಾಗ ಮಂಜು ಹೊಟ್ಟೆ ಹಿಡಿದುಕೊಂಡು ನಕ್ಕ. ತಿಂಗಳುಗಳ ನಂತರ ಆ ನಗು ಕೇಳಿ ನನ್ನ ಕಣ್ಣು ತುಂಬಿದವು. ಆಂಟಿ "ನೋಡಿದೆಯಾ, ನಾನು ಹೇಳಲಿಲ್ಲವಾ" ಎಂಬಂತೆ ಹುಬ್ಬು ಏರಿಸಿದರು.

ರೈಫಲ್ ಆರಿಸಲು ಹೋದ ದಿನ ಅವರನ್ನು ನೋಡಬೇಕಿತ್ತು. ಸೀರೆ ಅಂಗಡಿಯಲ್ಲಿ ನಮ್ಮವ್ವ ಕೂರುತ್ತಿದ್ದ ಹಾಗೆ ಕೌಂಟರಿನ ಎದುರು ಸ್ಟೂಲ್ ಎಳೆದುಕೊಂಡು ಕೂತರು. ಅಂಗಡಿಯವನು ದುರ್ಬೀನು ಕೂರಿಸಿದ, ಕರಿ ಬಣ್ಣದ, ಮಿರಿಮಿರಿ ಮಿಂಚುವ ಒಂದನ್ನು ತಂದಿಟ್ಟ. ಆಂಟಿ ಕನ್ನಡದಲ್ಲಿ ನನಗೆ, "ಇದನ್ನು ಫೋಟೋ ತೆಗೆಸ್ಲಿಕ್ಕೆ ಇಟ್ಕೊಳ್ಬಹುದು" ಎಂದರು. ಒಂದೊಂದನ್ನೂ ನೆಲದತ್ತ ಹಿಡಿದು, ಕಣ್ಣು ಮುಚ್ಚಿ, ಗುಂಡನ್ನು ಒಳಗೆ ನೂಕುವ ಬೋಲ್ಟನ್ನು ಹಿಂದೆ ಮುಂದೆ ಎಳೆದು ಸದ್ದು ಕೇಳಿದರು. ಮಳೆಯಲ್ಲಿ ನೆಂದರೆ? ಮಣ್ಣು ಹೊಕ್ಕರೆ? ಗುಂಡು ಎಲ್ಲ ಕಡೆ ಸಿಗುತ್ತದೆಯೇ? ರಿಪೇರಿಗೆ ಎಷ್ಟು ತಿರುಪು ಬಿಚ್ಚಬೇಕು? ಅಂಗಡಿಯವನಿಗೆ ಬೆವರಿಳಿಯಿತು. ಒಳಗೆ ಭಾಗಗಳು ಹೆಚ್ಚಿದ್ದಷ್ಟೂ ಕೆಡುವುದಕ್ಕೆ ದಾರಿ ಹೆಚ್ಚು ಎಂಬುದು ಅವರ ಲೆಕ್ಕ. ಕಡೆಗೆ ಮರದ ಹಿಡಿಯ, ಬಣ್ಣ ಸವೆದ, ಸೆಕೆಂಡ್ ಹ್ಯಾಂಡ್ ರೈಫಲ್ ಒಂದನ್ನು ಎತ್ತಿಕೊಂಡು ನನ್ನ ಭುಜಕ್ಕೆ ಆನಿಸಿ ನೋಡಿ, ತಲೆದೂಗಿದರು. "ಇದು ಕೈಕೊಡುವುದಿಲ್ಲ" ಎಂದರು.

ಆ ರೈಫಲ್ಲಿಗೆ ಪ್ರತ್ಯೇಕ ಪರ್ಮಿಟ್ ಬರುವವರೆಗೆ ಅಂಗಡಿಯವನು ಅದನ್ನು ನಮ್ಮ ಹೆಸರಿನಲ್ಲಿ ತೆಗೆದಿಟ್ಟ. ನಮ್ಮ ಗ್ಯಾರೇಜಿಗೂ ಉಕ್ಕಿನ ಪೆಟ್ಟಿಗೆ ಬಂತು. ಕೀಯನ್ನು ಎಲ್ಲಿಡುತ್ತೀಯ, ಯಾರಿಗೂ ತಿಳಿಯಬಾರದು ಎಂದು ಆಂಟಿ ಕೇಳಿದ್ದರು. ಗೋಡೆ ಕೊರೆದು ಪೆಟ್ಟಿಗೆ ಕೂರಿಸಿದವರು ನಾನು ಮತ್ತು ಮಂಜು. ಒಂದೇ ಸೂರಿನಡಿ ಇರುವ ಅಣ್ಣತಮ್ಮಂದಿರ ನಡುವೆ ಕೀ ಬಚ್ಚಿಡುವುದು ಹೇಗೆ? ಆಗಸ್ಟ್ ಕೊನೆಯ ಹೊತ್ತಿಗೆ ಪರ್ಮಿಟ್ ಬಂತು, ಮುಂದಿನ ವಾರ ತರುವುದೆಂದಾಯಿತು. ಈ ಸಲದ ಕೈಲ್‌ಪೊದ್‌ಗೆ ಎರಡು ಬಂದೂಕಿಗೆ ಹೂ ಇಡೋಣ ಎಂದು ಆಂಟಿ ಸಡಗರದಿಂದ ಹೇಳಿದರು.

ರೈಫಲ್ ತರುವುದಕ್ಕೆ ಎರಡು ದಿನ ಮೊದಲು, ಒಂದು ಸಂಜೆ, ನಾನು ಮನೆಯ ಕೀ ಆಫೀಸಿನಲ್ಲೇ ಬಿಟ್ಟು ಬಂದೆ. ಜಿಟಿಜಿಟಿ ಮಳೆ. ಜಾಕೆಟ್ಟಿನ ಹುಡ್ ತಲೆಯ ಮೇಲೆಳೆದುಕೊಂಡು ಸ್ಟೇಷನ್ನಿನಿಂದ ನಡೆದು ಬಂದಿದ್ದೆ. ನಂದಾ ಇನ್ನೂ ಕೆಲಸದಲ್ಲಿದ್ದಳು. ಬೆಲ್ ಒತ್ತಿದೆ, ಮಂಜು ಬಾಗಿಲು ತೆಗೆಯಲಿಲ್ಲ. ಮಲಗಿರಬೇಕು ಎಂದುಕೊಂಡು ಪಕ್ಕದ ಗೇಟು ಹಾರಿ ಹಿಂದಕ್ಕೆ ಹೋದೆ. ಲಾಂಡ್ರಿಯ ಬಾಗಿಲು ನೂಕಿದರೆ ತೆರೆಯಿತು. ಒಂದು ಹೆಜ್ಜೆ ಒಳಗಿಟ್ಟೆ. ಏನೋ ಗಾಳಿ ಸೀಳಿಕೊಂಡು ಬಂದು ನನ್ನ ಎಡಭುಜದ ಮೇಲೆ ಬಿತ್ತು, ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಕೆಳಗೆ ಬಿದ್ದು ಮೇಲೆ ನೋಡಿದರೆ ಮಂಜು ಕ್ರಿಕೆಟ್ ಬ್ಯಾಟನ್ನು ಎರಡನೇ ಸಲ ಎತ್ತಿದ್ದ. ಅವನ ಕಣ್ಣು ನನ್ನನ್ನು ನೋಡುತ್ತಿದ್ದವು, ನಾನು ಅವನಿಗೆ ಕಾಣುತ್ತಿರಲಿಲ್ಲ. "ಮಂಜ್ಯಾ, ನಾನಲೇ" ಎಂದು ಕೂಗಿದೆ. ಬ್ಯಾಟು ಅವನ ಕೈಯಿಂದ ಜಾರಿತು.

ವೆಸ್ಟ್‌ಮೀಡ್‌ನ ಎಮರ್ಜೆನ್ಸಿಯಲ್ಲಿ ಆ ಹೊತ್ತು ಡ್ಯೂಟಿಯಲ್ಲಿದ್ದವರು ದೇಚಮ್ಮ ಆಂಟಿ. ನನ್ನ ಅಂಗಿಯನ್ನು ಕತ್ತರಿಯಿಂದ ಸೀಳುತ್ತ ಏನಾಯಿತು ಎಂದು ಕೇಳಿದರು. ಮೆಟ್ಟಿಲಿಂದ ಜಾರಿದೆ ಎಂದೆ. ಮೂಲೆಯಲ್ಲಿ ನಿಂತಿದ್ದ ಮಂಜು ಅದನ್ನು ಅಲ್ಲಿಗೆ ಬಿಡಲಿಲ್ಲ.

"ನಾನ ಹೊಡದೆ ಆಂಟಿ. ತಲಿಗೇ ಹೊಡದಿದ್ದೆ, ಭುಜಕ್ಕ ಬಿತ್ತು. ಮುಖ ನೋಡಲಿಲ್ಲ. ಹುಡ್ ಅಷ್ಟ ಕಂಡಿತು."

ಕತ್ತರಿ ನಿಂತಿತು. ಇಷ್ಟು ವರ್ಷ ಎಂತೆಂಥ ಗಾಯಗಳನ್ನೋ ನೋಡಿದ ಆ ಹೆಂಗಸಿನ ಮುಖದಿಂದ ಬಣ್ಣ ಇಳಿದುಹೋದುದನ್ನು ನಾನು ಹತ್ತಿರದಿಂದ ನೋಡಿದೆ. ಪಕ್ಕದ ಕುರ್ಚಿಗೆ ಕೈ ಊರಿ ಕೂತರು.

"ಬಂದೂಕಿನ ಪೆಟ್ಟಿಗೆಯ ಕೀ ಇವನು ಎಲ್ಲಿಡ್ತಾನೆ ಅಂತ ನಿಂಗೆ ಗೊತ್ತುಂಟಾ?" ಎಂದು ಮಂಜುವನ್ನು ಕೇಳಿದರು.

ಅವನು ಹೌದೆಂದು ತಲೆಯಾಡಿಸಿದ. ಆಂಟಿ ಎದ್ದು, ಪರದೆ ಸರಿಸಿ ಹೊರಗೆ ಹೋದರು. ನನ್ನ ಕೈಯನ್ನು ಕಟ್ಟಿದ್ದು ಬೇರೊಬ್ಬ ನರ್ಸ್.

ಮಾರನೆಯ ದಿನ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿ ಆ ರೈಫಲ್ ಬೇಡವೆಂದು ಹೇಳಿಸಿದರು. ಅದೇ ವಾರ ತಮ್ಮದನ್ನೂ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬಂದರು. ಯಾಕೆ ಆಂಟಿ, ನಿಮ್ಮದೇನು ತಪ್ಪು, ನೀವು ಅವನನ್ನು ನಗಿಸಿದಿರಲ್ಲ ಎಂದೆ. ನಕ್ಕದ್ದನ್ನು ನೋಡಿ ಗುಣವಾಯಿತು ಎಂದುಕೊಂಡೆ, ಇನ್ನೊಬ್ಬರನ್ನು ಇಷ್ಟು ತಪ್ಪಾಗಿ ತಿಳಿದುಕೊಳ್ಳುವವಳ ಮನೆಯಲ್ಲಿ ಬಂದೂಕು ಇರಬಾರದು ಎಂದರು. ಆ ವರ್ಷ ಅವರ ಗ್ಯಾರೇಜಿನಲ್ಲಿ ಹಬ್ಬ ನಡೆಯಲಿಲ್ಲ. ಮಂಜುವನ್ನು ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಕೆಲಸವನ್ನು ಅವರೇ ವಹಿಸಿಕೊಂಡರು. ಅವನು ಒಳಗಿರುವಷ್ಟು ಹೊತ್ತು ಹೊರಗೆ ಕಾರಿನಲ್ಲಿ ಕಾಯುತ್ತಿದ್ದರು. ನವೆಂಬರ್ ಮುಗಿಯುವಷ್ಟರಲ್ಲಿ ಕೆಲಸ ಬಿಟ್ಟು, ಮನೆ ಮಾರಿ, ಮಗಳ ಹತ್ತಿರ ಮೆಲ್ಬರ್ನಿಗೆ ಹೊರಟುಹೋದರು.

ಡಿಸೆಂಬರಿನಲ್ಲಿ ನಾನು ಮಂಜುವನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಅವನು ನಿಲ್ಲಿಸಿದ್ದ ಓದನ್ನು ಮುಂದುವರಿಸುವ ಮನಸ್ಸು ಮಾಡಿದ್ದ. ವಿಮಾನ ಇಳಿದು ರೈಲಿನಲ್ಲೇ ಹೋಗೋಣ ಎಂದವನೂ ಅವನೇ. ಆಂಟಿ ಮಗಳ ಮನೆಯ ಸೋಫಾದಲ್ಲಿ ಕಾಲ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಹೃದಯ ದುರ್ಬಲವಾಗಿದೆ ಎಂದು ಮಗಳು ಬಾಗಿಲಲ್ಲೇ ಹೇಳಿದ್ದಳು. ಅದು ನಮ್ಮ ಕೊನೆಯ ಭೇಟಿ, ಮುಂದಿನ ಚಳಿಗಾಲಕ್ಕೆ ಅವರು ಇರಲಿಲ್ಲ. ಚಹಾ ಮಾಡಿ ತರುತ್ತೇನೆ ಎಂದು ಮಂಜು ಒಳಗೆ ಹೋದ. ಆಂಟಿ ನನ್ನನ್ನು ಹತ್ತಿರ ಕರೆದು, ಅಂಗಿಯ ಕೊರಳಪಟ್ಟಿ ಸರಿಸಿ, ಮೂಳೆ ಕೂಡಿಕೊಂಡ ಜಾಗದಲ್ಲಿ ಉಳಿದಿದ್ದ ಗಂಟನ್ನು ಮುಟ್ಟಿ ನೋಡಿದರು.

ಹುಬ್ಬಳ್ಳಿ ಮಂದಿಗೆ ಬ್ಯಾಟು ಹಿಡಿಯಲಿಕ್ಕೇ ಬರೋದಿಲ್ಲ ಆಂಟಿ, ಅದಕ್ಕೇ ಉಳಿದೆ ಎಂದು ನಗಿಸಲು ನೋಡಿದೆ. ಅವರು ನಗಲಿಲ್ಲ.

"ಅಂಗಡಿ ತುಂಬ ಬಂದೂಕಿತ್ತು. ಅದ್ರಲ್ಲಿ ಕೈಕೊಡದೆ ಗುರಿಗೇ ಬೀಳುವುದು ಯಾವುದು ಅಂತ ಹುಡುಕಿ ಹುಡುಕಿ ಆರಿಸಿದ್ದು ನಾನು" ಎಂದರು.

ಅಡುಗೆಮನೆಯಲ್ಲಿ ಮಂಜು ಸಕ್ಕರೆ ಡಬ್ಬಿ ಎಲ್ಲಿ ಎಂದು ಅವರ ಮಗಳನ್ನು ಕೇಳುತ್ತಿದ್ದ. ಅವನು ಚಹಾ ತಂದು ಎದುರಿಗೆ ಇಡುವವರೆಗೂ ಆಂಟಿ ನನ್ನ ಭುಜದ ಮೇಲಿನ ಕೈ ತೆಗೆಯಲಿಲ್ಲ.