ಊಟದ ಹೊತ್ತಿನ ರೇಡಿಯೊ

ಭಾನುವಾರ ಬಂತೆಂದರೆ ಮೇಬಲ್‌ಗೆ ಸಾಕುಸಾಕಾಗುತ್ತದೆ. ಹುರಿದ ಮಾಂಸ ಬಡಿಸುವ ಹೊತ್ತಿಗೆ ಸರಿಯಾಗಿ ರೇಡಿಯೊದಲ್ಲಿ ಹಾಸ್ಯ ಕಾರ್ಯಕ್ರಮ, ಮನೆಯಲ್ಲಿ ಗಂಡ ಜೋಸೆಫನ ದರ್ಬಾರು. ಉಪ್ಪು ಬೇಕಾದವರು ಕೈಸನ್ನೆ ಮಾಡಬೇಕು. ಯಾರದಾದರೂ ತುಟಿ ಅಲ್ಲಾಡಿದರೆ, "ಶ್, ಒಂದಕ್ಷರ ಕೇಳಿಸ್ತಿಲ್ಲ" ಎನ್ನುತ್ತಾನೆ. "ನಿಮ್ಮ ಕಾಟಕ್ಕೆ ಕೆಮ್ಮೋಕೂ ಆಗಲ್ಲ ಕಣ್ರೀ" ಎಂದು ಮೇಬಲ್ ಗೊಣಗಿದರೆ ಅದಕ್ಕೂ "ಶ್". ಸಂಡರ್‌ಲ್ಯಾಂಡಿನ ಹಡಗು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸುತ್ತಿಗೆ ಬಡಿದು ಅವನ ಕಿವಿ ಹೋಗಿರುವುದು ಮನೆಮಂದಿಗೆಲ್ಲ ಗೊತ್ತು; ಅವನೆದುರು ಆಡುವವರಿಲ್ಲ. ಕಾರ್ಯಕ್ರಮ ಮುಗಿಯುವವರೆಗೂ ಮೇಬಲ್ ಮುಖವನ್ನೇ ನೋಡುತ್ತ ಕೂತು, ಅವಳು ನಕ್ಕ ಮರುಕ್ಷಣ ತೊಡೆ ತಟ್ಟಿಕೊಂಡು ನಗುತ್ತಾನೆ. ಈ ವಾರ ಅವಳು ರೇಡಿಯೊದ ಬ್ಯಾಟರಿಯನ್ನು ಚಾರ್ಜಿಗೆ ಕೊಡಲು ಮರೆತಿದ್ದಳು. ಕಾರ್ಯಕ್ರಮದ ನಡುವೆಯೇ ರೇಡಿಯೊ ಬಾಯಿ ಮುಚ್ಚಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೋಸೆಫ್ ಅವಳ ಮುಖ ನೋಡುತ್ತ ಕಾದಿದ್ದ. ಮೇಬಲ್ ಫೋರ್ಕು ಕೆಳಗಿಟ್ಟು ಜೋರಾಗಿ ನಕ್ಕಳು.